ಪಟ್ಟಿ ಕಟ್ಟಿದ ಕುದುರೆ

ಮೇ ೧೧

ಈ ನೋಟ್‌ಬುಕ್ ಮಗಳದು. ಮೊದಲ ಹದಿನಾಲ್ಕು ಪುಟ ರಸಾಯನಶಾಸ್ತ್ರ, ಅಂಚುಗಳಲ್ಲೆಲ್ಲ ಕುದುರೆಯ ಕಿವಿಗಳ ಚಿತ್ರ. ಹದಿನೈದನೆಯ ಪುಟದಿಂದ ನಾನು ಶುರುಮಾಡಿದ್ದೇನೆ. ಬರೆಯುವ ಚಟ ನನಗಿಲ್ಲ. ಆದರೆ ಮನೆಯಲ್ಲಿ ವರ್ಷದಿಂದ ಮಾತು ನಿಂತಿದೆ, ಇಲ್ಲಿ ರಾಷ್ಟ್ರೀಯ ಉದ್ಯಾನದಲ್ಲಿ ಬಾಯಿ ತೆರೆದರೆ ಜಗಳವಾಗುತ್ತದೆ. ಇನ್ನು ಉಳಿದದ್ದು ಕಾಗದ.

ಬೆಳಿಗ್ಗೆ ಮೋಟರ್‌ಸೈಕಲ್ ಹತ್ತಿ ಗುಡ್ಡ ದಾಟಿ ಬಂದೆ. ಪರದೇಶದ ಬೋನುಗಳಿಂದ ತಾಖಿಗಳನ್ನು, ಅಂದರೆ ಕಾಡುಕುದುರೆಗಳನ್ನು, ವಿಮಾನದಲ್ಲಿ ತಂದು ಈ ಗುಡ್ಡಗಳಲ್ಲಿ ಬಿಟ್ಟಾಗ ನನಗೆ ಹದಿನೆಂಟು ವರ್ಷ. ಊರಿಗೆ ಊರೇ ನೋಡಲು ಹೋಗಿತ್ತು. ಕುದುರೆ ಮೇಲೆ ಕೂತು ಕುದುರೆ ನೋಡಲು ಹೋಗುವುದೇ ಎಂದು ನಕ್ಕು ನಾನು ಮನೆಯಲ್ಲೇ ಉಳಿದೆ. ಮೂವತ್ತೆರಡು ವರ್ಷದ ಮೇಲೆ ಇವತ್ತು ಮೊದಲ ಸಲ ಒಳಗೆ ಕಾಲಿಟ್ಟಿದ್ದೇನೆ, ಅದೂ ಕಳ್ಳನ ಅಪ್ಪನ ಹಾಗೆ ತಲೆ ತಗ್ಗಿಸಿಕೊಂಡು.

ಕಾವಲುಗಾರ ಶಗ್ದರ್ ನನ್ನ ಜೊತೆ ಶಾಲೆಗೆ ಬಂದವನು. ಗುಡಾರದ ಬಾಗಿಲಲ್ಲೇ ನಿಂತು ಕಾಯುತ್ತಿದ್ದ.

"ಬಾರಪ್ಪಾ ಗಾಲ್ಸನ್, ಬೀಗರ ಮನೆಗೆ ಬಂದ್ಯಾ? ನಿನ್ ಮಗ ಇಲ್ಲಿ ಎರಡೆರಡು ಮದುವೆ ಮಾಡ್ಕೊಂಡು ಆರಾಮಾಗಿದ್ದಾನೆ."

ನಶ್ಯದ ಬುಡ್ಡಿ ಕೊಟ್ಟು ತೆಗೆದುಕೊಂಡೆವು, ಚಹಾ ಕುಡಿದೆವು. ಆಮೇಲೆ ಅವನು ನಗು ನಿಲ್ಲಿಸಿ ನೋಟಿಸು ಓದಿದ. ನಮ್ಮ ಕಂದು ಕುದುರೆ ಮೂರನೇ ಸಲ ಉದ್ಯಾನಕ್ಕೆ ನುಗ್ಗಿದೆ. ತಂದೆ ಕುದುರೆ ತನ್ನ ಗುಂಪಿನಿಂದ ಹೊರದಬ್ಬಿದ್ದ ಎರಡು ಎಳೆ ತಾಖಿ ಹೆಣ್ಣುಗಳನ್ನು ಜೊತೆ ಮಾಡಿಕೊಂಡಿದೆ. ಫೆಬ್ರವರಿಯಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಇವರು ಗಡಿಯಾಚೆಗೆ ಅಟ್ಟಿದ್ದರು. ಮೂರು ದಿನದೊಳಗೆ ವಾಪಸು. ಇಪ್ಪತ್ತೈದನೇ ತಾರೀಖಿನೊಳಗೆ ನಾನು ಅದನ್ನು ಹಿಡಿದು, ಬೀಜ ತೆಗೆದು, ಮನೆಗೆ ಒಯ್ಯಬೇಕು. ಇಲ್ಲವಾದರೆ ಗುಂಡು. ಈ ನಿಯಮಕ್ಕೆ ಮೂರು ವರ್ಷದ ಹಿಂದೆ ಊರ ಸಭೆಯಲ್ಲಿ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಓದದೇ ಹಾಕಿದ್ದೆ.

"ಹಿಡಿಯೋಕ್ಕಾಗಲ್ಲ ಅಂತ ನಿಂಗೊತ್ತು," ಎಂದೆ.

"ಗೊತ್ತು," ಎಂದ ಶಗ್ದರ್.

ಅದರ ಕೊರಳ ಕೂದಲಿಗೆ ಐದು ಬಣ್ಣದ ರೇಷ್ಮೆ ಪಟ್ಟಿ ಇದೆ. ಮಗಳು ಹೋದ ನಲವತ್ತೊಂಬತ್ತನೆಯ ದಿನ ಅವಳ ಹೆಸರಿನಲ್ಲಿ ಕಟ್ಟಿ ಬಿಟ್ಟ ಕುದುರೆ ಅದು. ಪಟ್ಟಿ ಕಟ್ಟಿದ ಮೇಲೆ ಹತ್ತುವಂತಿಲ್ಲ, ಮಾರುವಂತಿಲ್ಲ, ಕೊಯ್ಯುವಂತಿಲ್ಲ, ಹಗ್ಗ ಸೋಕಿಸುವಂತಿಲ್ಲ. ಇನ್ನು ಕತ್ತಿ ಸೋಕಿಸುವುದು ದೂರದ ಮಾತು.

ಹೆಸರು ಎಂದು ಬರೆದೆ. ಸತ್ತವರ ಹೆಸರನ್ನು ಬಾಯಲ್ಲಿ ಹೇಳಬಾರದು. ಬರೆಯಬಾರದೆಂದು ಯಾರೂ ಹೇಳಿಲ್ಲ, ಆದರೂ ಕೈ ಬರುತ್ತಿಲ್ಲ.

ಹೊರಟಾಗ ಹೆಂಡತಿ ದೋಲ್ಗೋರ್ ತುಟಿ ಬಿಚ್ಚಲಿಲ್ಲ. ಕೆನ್ನೆಗೆ ಬಟ್ಟೆ ಸುತ್ತಿಕೊಂಡು ಒಲೆ ಮುಂದೆ ಕೂತಿದ್ದಳು, ಗಾಳಿಗೆ ಇರಬೇಕು. ಚೀಲದಲ್ಲಿ ಒಣಮೊಸರಿನ ಗಟ್ಟಿ ತುಂಬಿಟ್ಟಿದ್ದಳು. ಹೊರಟವರ ಹಿಂದೆ ಹೆಂಡತಿ ಹಾಲು ಎರಚಬೇಕು. ಎರಚಿದಳೋ ಇಲ್ಲವೋ, ನಾನು ತಿರುಗಿ ನೋಡಲಿಲ್ಲ.

ಮೇ ೧೨

ಕಂಡೆ.

ಪೂರ್ವದ ಕಣಿವೆಯ ಒರತೆಯ ಹತ್ತಿರ ನಿಂತಿತ್ತು. ಅಕ್ಕಪಕ್ಕ ಎರಡು ತಾಖಿಗಳು, ಗಿಡ್ಡ ಕಾಲು, ದಪ್ಪ ಕುತ್ತಿಗೆ, ಮರಳಿನ ಬಣ್ಣ, ನೆಟ್ಟಗೆ ನಿಂತ ಕೊರಳ ಕೂದಲು. ಅವುಗಳ ನಡುವೆ ನಮ್ಮ ಕಂದು, ಉದ್ದ ಕೂದಲು ಗಾಳಿಗೆ ಬಿಟ್ಟುಕೊಂಡು, ಪಟ್ಟಿ ಹಾರಿಸಿಕೊಂಡು ನಿಂತಿದ್ದು ನೋಡಿದರೆ ಮದುವೆ ಮನೆಗೆ ಬಂದ ಪಟ್ಟಣದ ಹುಡುಗನ ಹಾಗಿತ್ತು. ಹೊಟ್ಟೆ ತುಂಬಿತ್ತು, ಮೈ ಹೊಳೆಯುತ್ತಿತ್ತು. ಹಟ್ಟಿಯಲ್ಲಿ ಇಷ್ಟು ಚೆನ್ನಾಗಿ ಎಂದೂ ಇರಲಿಲ್ಲ.

ದಿಬ್ಬದ ಮೇಲೆ ಪ್ರವಾಸಿಗಳ ಗುಂಪೊಂದು ದುರ್ಬೀನು ಹಿಡಿದು ನಿಂತಿತ್ತು. ಆ ಬಣ್ಣದ ಪಟ್ಟಿ ಏನು ಎಂದು ಒಬ್ಬಳು ಕೇಳಿದ್ದಕ್ಕೆ ಅವರ ಜೊತೆಗಿದ್ದವನು, ಓಟದಲ್ಲಿ ಗೆದ್ದ ಕುದುರೆಗೆ ಕಟ್ಟುವುದು ಎಂದ. ನಿಜ ಹೇಳಿ ಏನಾಗಬೇಕು?

ನೂರು ಹೆಜ್ಜೆ ಹತ್ತಿರ ಹೋದೆ. ಕಂದು ತಲೆ ಎತ್ತಿತು, ಮೂಗರಳಿಸಿತು, ಹೆಣ್ಣುಗಳನ್ನು ಮುಂದೆ ಹಾಕಿಕೊಂಡು ಗುಡ್ಡ ಹತ್ತಿತು. ಒಂದು ಸಲವೂ ಹಿಂತಿರುಗಲಿಲ್ಲ.

"ನಿನ್ ನಿಲುವಂಗಿ ವಾಸನೆಗೆ ಓಡಿರಬೇಕು," ಎಂದ ಶಗ್ದರ್. "ಒಗೆದು ಎಷ್ಟು ಕಾಲ ಆಯ್ತೋ? ತೋಳಾನೂ ಮೂಗು ಮುಚ್ಕೊಳ್ಳುತ್ತೆ."

ಇನ್ನೂ ಹದಿಮೂರು ದಿನ ಇದೆ. ನಾಳೆ ನೋಡೋಣ.

ಮೇ ೧೩

ಕಂದುವಿನ ತಾಯಿ ಹೆತ್ತ ವಾರಕ್ಕೇ ಸತ್ತಿತ್ತು. ಮಗಳು ಬಾಟಲಿಗೆ ರಬ್ಬರಿನ ಮೊಲೆ ಸಿಕ್ಕಿಸಿ ಹಸುವಿನ ಹಾಲು ಕುಡಿಸಿ ಸಾಕಿದಳು. ಮೂರು ತಿಂಗಳು ಗುಡಾರದೊಳಗೇ ಮಲಗಿಸಿಕೊಂಡಳು. ಆ ಬಾಟಲಿ ತಂದಿದ್ದೇನೆ. ಹಗ್ಗವಿಲ್ಲದೆ, ತಾನಾಗಿ ನನ್ನ ಹಿಂದೆ ಗಡಿ ದಾಟಿ ಬಂದರೆ ಸಾಕು. ಮುಂದಿನದು ಮುಂದೆ.

ಒರತೆಯ ಹತ್ತಿರ ಹಾಲು ತುಂಬಿದ ಬಾಟಲಿ ಹಿಡಿದು ಬೆಳಗಿನಿಂದ ಮಧ್ಯಾಹ್ನದವರೆಗೆ ಕುಕ್ಕುರುಗಾಲಲ್ಲಿ ಕೂತೆ. ಐವತ್ತು ವರ್ಷದ ಗಂಡಸು, ಕೈಯಲ್ಲಿ ಮೊಲೆ ಬಾಟಲಿ. ಶಗ್ದರ್ ದುರ್ಬೀನಿನಲ್ಲಿ ನೋಡಿ ನಕ್ಕು ನಕ್ಕು ಕುದುರೆಯಿಂದ ಬೀಳುವುದೊಂದು ಬಾಕಿ.

ಕಂದು ಬಂತು. ಇನ್ನೂರು ಹೆಜ್ಜೆ ದೂರದಲ್ಲಿ ನಿಂತು ನೋಡಿತು. ನಾನು ಅವಳ ಹಾಗೆ ನಾಲಿಗೆ ಲೊಟ್ಟೆ ಹೊಡೆದು ಕರೆದೆ. ಕಿವಿ ಹಿಂದಕ್ಕೆ ಹಾಕಿ ಓಡಿಹೋಯಿತು.

ಹಾಲು ಹುಳಿಯಾಯಿತು. ನಾನೇ ಕುಡಿದೆ.

ಮೇ ೧೪

ಗಾಳಿ. ಮರಳು. ಏನೂ ಕಾಣಲಿಲ್ಲ.

ಮೇ ೧೬

ಇವತ್ತು ಮುದಿ ತಾಖಿ ಗಂಡು ಕಂದುವಿನ ಮೇಲೆ ಬಿತ್ತು. ಎರಡೂ ಹಿಂಗಾಲ ಮೇಲೆ ನಿಂತು ಒಂದರ ಕುತ್ತಿಗೆ ಒಂದು ಕಚ್ಚಿದವು. ಅಷ್ಟು ದೂರದಿಂದಲೂ ಹಲ್ಲಿನ ಸದ್ದು ಕೇಳುತ್ತಿತ್ತು. ನಾನು ಕೂಗುತ್ತ ಇಳಿಜಾರಿನಲ್ಲಿ ಓಡಿದೆ, ಕಲ್ಲು ತೂರಿದೆ. ಹಿಂದಿನಿಂದ ಒಬ್ಬಳು ಓಡಿಬಂದು ನನ್ನ ಸೊಂಟಪಟ್ಟಿ ಹಿಡಿದು ನಿಲ್ಲಿಸಿದಳು. ತಾಖಿಗಳ ಲೆಕ್ಕ ಇಡುವ ಹುಡುಗಿ, ಅರಿಯೂನಾ, ಇಪ್ಪತ್ತೈದು ಇಪ್ಪತ್ತಾರು ಇರಬಹುದು.

"ಗಾಲ್ಸನ್ ಅಣ್ಣ, ತಾಖಿಗೆ ಕಲ್ಲು ಹೊಡೀತೀರಾ? ನಾಚಿಕೆ ಆಗಲ್ವಾ?"

"ನನ್ ಕುದುರೇನ ಕೊಲ್ತಾ ಇದೆಯಲ್ಲಮ್ಮಾ!"

"ನಿಮ್ ಕುದುರೆ ಇಲ್ಲಿ ಯಾಕಿದೆ?"

ಬೈಯುತ್ತಲೇ ನನ್ನನ್ನು ಕೂರಿಸಿ ನೀರು ಕೊಟ್ಟಳು. ಆಮೇಲೆ ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. ಈ ನೆಲದಲ್ಲಿ ತಾಖಿ ಒಂದೂ ಇಲ್ಲದಂತಾಗಿತ್ತಂತೆ. ಪರದೇಶದ ಬೋನುಗಳಲ್ಲಿದ್ದವುಗಳಲ್ಲಿ ಹನ್ನೆರಡರಷ್ಟು ಮಾತ್ರ ಮರಿ ಹಾಕಿದವಂತೆ. ಈಗ ಇಲ್ಲಿ ಮೇಯುವುದೆಲ್ಲ ಆ ಹನ್ನೆರಡರ ಸಂತಾನ. ಊರಕುದುರೆಯ ರಕ್ತ ಒಮ್ಮೆ ಬೆರೆತರೆ ಮತ್ತೆ ಬೇರೆ ಮಾಡಲು ಬರುವುದಿಲ್ಲ.

"ಮದ್ದಿನ ಸೂಜಿ ಹೊಡೆದು ನಾವೇ ಬೀಳಿಸಿ ಕೊಯ್ಯಬಹುದಿತ್ತು. ಪಟ್ಟಿ ಇರೋ ಕುದುರೆ ಮೇಲೆ ಕೈ ಹಾಕಲ್ಲ ಅಂತ ನಮ್ಮೋರೇ ಹೇಳಿಬಿಟ್ರು. ಗುಂಡು ಹೊಡೆಯೋಕೂ ಯಾರಿಗೂ ಮನಸ್ಸಿಲ್ಲ. ಆದ್ರೆ ಹೊಡೀತಾರೆ, ಅಣ್ಣ. ಜೂನ್ ಬಂದ್ರೆ ಹೆಣ್ಣುಗಳು ಬೆದೆಗೆ ಬರ್ತವೆ."

"ನಿಮಗೆ ಹನ್ನೆರಡಾದ್ರೂ ಉಳಿದಿದ್ವು," ಎಂದೆ. "ನಂಗೆ ಅದೊಂದೇ."

ಹಾಗೆ ಹೇಳಬಾರದಿತ್ತು ನಾನು. ಆ ಹುಡುಗಿಯ ತಪ್ಪೇನು?

ಕಂದುವಿನ ಹೆಗಲು ಹರಿದಿದೆ. ಆದರೂ ಹೆಣ್ಣುಗಳನ್ನು ಬಿಟ್ಟುಕೊಟ್ಟಿಲ್ಲ. ಮನಸ್ಸಿನಲ್ಲಿ ಒಂದಿಷ್ಟು ಹೆಮ್ಮೆಪಟ್ಟೆ ಎಂಬುದನ್ನು ಇಲ್ಲಿ ಮಾತ್ರ ಬರೆಯಬಹುದು.

ಮೇ ೧೭

ಇವತ್ತಿಗೆ ವರ್ಷ.

ಬರೆಯುವುದಿಲ್ಲ ಎಂದುಕೊಂಡಿದ್ದೆ. ಬರೆಯದಿದ್ದರೆ ಈ ನೋಟ್‌ಬುಕ್ ಯಾಕೆ ತಂದೆ?

ಈ ಸುತ್ತಿನ ಹತ್ತೂರಿಗೆ ಕುದುರೆಮರಿಗಳ ಬೀಜ ತೆಗೆಯುವವನು ನಾನೊಬ್ಬನೇ. ಅಪ್ಪನಿಂದ ಬಂದ ಕೆಲಸ. ಗಾಲ್ಸನ್ ಕೈ ಹಗುರ, ಅವನು ಕೊಯ್ದ ಮರಿ ಸಂಜೆಗೇ ಮೇಯುತ್ತದೆ ಎನ್ನುತ್ತಾರೆ. ಕಳೆದ ವರ್ಷ ಇದೇ ದಿನ ನಮ್ಮ ಹಟ್ಟಿಯಲ್ಲಿ ಹದಿನೆಂಟು ಮರಿಗಳನ್ನು ಕೂಡಿಹಾಕಿದ್ದರು. ಐದು ಮನೆಯವರು ಬಂದಿದ್ದರು. ಕತ್ತಿಗೆ ಧೂಪದ ಹೊಗೆ ತೋರಿಸಿ, ಹಾಲಿನಲ್ಲಿ ಕೈ ತೊಳೆದು ನಿಂತಿದ್ದೆ. ಮಗಳು ಬಂದಳು. ಹದಿನೇಳು ವರ್ಷದವಳು, ಹೊಟ್ಟೆ ಒತ್ತಿ ಹಿಡಿದುಕೊಂಡಿದ್ದಳು.

"ಅಪ್ಪಾ, ನನ್ ಕಂದೂನ ಈ ವರ್ಷಾನೂ ಬಿಟ್ಬಿಡು."

ಹಿಂದಿನ ವರ್ಷವೂ ಹೀಗೇ ಕೇಳಿದ್ದಳು. ಮೂರು ತುಂಬಿದ ಗಂಡನ್ನು ಕೊಯ್ಯದೆ ಬಿಟ್ಟರೆ ಆಮೇಲೆ ಕಷ್ಟ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಬಿಟ್ಟೆ. ಅವಳ ಮುಖ ನೋಡಿ ಬಿಟ್ಟೆ.

"ಅಪ್ಪಾ, ಹೊಟ್ಟೆ ತುಂಬಾ ನೋಯ್ತಿದೆ. ಆಸ್ಪತ್ರೆಗೆ ಹೋಗೋಣ್ವಾ?"

"ಎಲ್ಲಾರೂ ಬಂದು ಕೂತಿದ್ದಾರಲ್ಲ ಮಗಾ. ಇವತ್ತು ಇದು ಮುಗೀಲಿ, ನಾಳೆ ಹೋಗೋಣ."

ಎರಡು ಕೇಳಿದಳು. ಸುಲಭವಾದದ್ದನ್ನು ಕೊಟ್ಟೆ.

ಸಂಜೆ ಊಟ, ಹಾಡು, ಕುದುರೆಹಾಲಿನ ಹೆಂಡ. ದೋಲ್ಗೋರ್ ಎರಡು ಸಲ ಹೊರಗೆ ಕರೆದು, ಈಗಲೇ ಹೊರಡು ಎಂದಳು. ನೆಂಟರನ್ನು ಬಿಟ್ಟು ಹೇಗೆ ಹೋಗಲಿ ಎಂದೆ. ಮರುದಿನ ಎಲ್ಲರನ್ನೂ ಕಳಿಸಿ ಹೊರಡುವಷ್ಟರಲ್ಲಿ ಮಧ್ಯಾಹ್ನ. ಶಗ್ದರನ ಜೀಪಿನಲ್ಲಿ ದಾರಿಯುದ್ದಕ್ಕೂ ಅವಳ ತಲೆ ನನ್ನ ಎದೆಗೆ, ಈ ನಿಲುವಂಗಿಗೆ ಒರಗಿತ್ತು. ನೋವು ನಿಂತುಹೋಯಿತು ಅಪ್ಪಾ ಎಂದಳು. ಒಳ್ಳೆಯದಾಯಿತು ಎಂದುಕೊಂಡೆ, ಮೂರ್ಖ. ಒಳಗೆ ಕರುಳು ಒಡೆದದ್ದರಿಂದ ನೋವು ನಿಂತಿತ್ತು.

ಆ ದಿನದಿಂದ ಕತ್ತಿ ಮುಟ್ಟಿಲ್ಲ. ನಿಲುವಂಗಿ ಒಗೆದಿಲ್ಲ. ದೋಲ್ಗೋರ್ ನನ್ನನ್ನು ಒಂದು ಮಾತೂ ಬೈದಿಲ್ಲ. ಬೈದಿದ್ದರೆ ನಾನು ಉಳಿಯುತ್ತಿದ್ದೆನೇನೋ.

ಈಗ ಆ ಕಂದುವನ್ನು ನಾನೇ ಕೊಯ್ಯಬೇಕಂತೆ. ಕೊಯ್ದರೆ ಅವಳಿಗೆ ಕೊಟ್ಟ ಒಂದೇ ಒಂದು ಮಾತೂ ಹೋಯಿತು. ಕೊಯ್ಯದಿದ್ದರೆ ಕಂದುವೇ ಹೋಯಿತು. ತಲೆ ಮೇಲೆ ಕೈಹೊತ್ತು ಕೂತಿದ್ದೇನೆ.

ಮೇ ೧೯

ಮೊಬೈಲಿಗೆ ಸಿಗ್ನಲ್ ಸಿಗುವುದು ಕಲ್ಲುಗುಪ್ಪೆಯ ಗುಡ್ಡದ ನೆತ್ತಿಯಲ್ಲಿ ಮಾತ್ರ. ಹತ್ತಿ ಹೋಗಿ, ದೇವರ ಗುಪ್ಪೆಗೆ ಮೂರು ಸುತ್ತು ಬಂದು, ಪದ್ಧತಿಯಂತೆ ಕಲ್ಲಿಟ್ಟು, ಪಟ್ಟಿ ಕಟ್ಟಿದಾಗ ಮಂತ್ರ ಓದಿದ್ದ ಲಾಮಾ ಅಜ್ಜನಿಗೆ ಫೋನು ಮಾಡಿದೆ. ಕಿವಿ ಮಂದ. ನಾನು ಇಡೀ ಕಣಿವೆಗೆ ಕೇಳುವಂತೆ ನನ್ನ ಸಂಕಟವನ್ನು ಕೂಗಿ ಹೇಳಬೇಕಾಯಿತು.

"ಪಟ್ಟಿ ಬೇರೆ ಪ್ರಾಣಿಗೆ ಬದಲಾಯಿಸ್ಬಹುದಪ್ಪಾ," ಎಂದರು. "ಮುದಿಯಾದ್ರೆ, ಗಾಯ ಆದ್ರೆ ಬದಲಾಯಿಸ್ತಾರೆ. ಪಟ್ಟಿ ಇಳಿದ ಮೇಲೆ ಅದು ಬರೀ ಕುದುರೆ. ಹಗ್ಗ ಹಾಕು, ಏನಾದ್ರೂ ಮಾಡು."

ಎದೆಯ ಮೇಲಿನ ಬಂಡೆ ಸರಿದ ಹಾಗಾಯಿತು. ಅವರ ಮಾತು ಮುಗಿದಿರಲಿಲ್ಲ.

"ಆದ್ರೆ ಕಟ್ಟಿದ ಕೈಯೇ ಬಿಚ್ಚಬೇಕು. ಯಾರು ಕಟ್ಟಿದ್ದು? ನೀನಾ?"

"ಅಲ್ಲ. ಅವಳಮ್ಮ."

"ಹಾಗಾದ್ರೆ ಅವಳನ್ನ ಕರೆಸು."

ಅವಳನ್ನು ಕರೆಸಬೇಕು. ಏನೆಂದು ಕರೆಸಲಿ? ಮಗಳ ಹೆಸರಿನಲ್ಲಿ ನೀನು ಕಟ್ಟಿದ್ದನ್ನು ಬಿಚ್ಚಿಕೊಡು, ನಾನು ಕೊಯ್ಯುತ್ತೇನೆ ಎನ್ನಲೇ? ಅಲ್ಲೇ ನಿಂತು ಅವಳ ನಂಬರು ಒತ್ತಿದೆ. ಒಮ್ಮೆ ರಿಂಗ್ ಆಯಿತು, ಕತ್ತರಿಸಿಬಿಟ್ಟೆ. ನಾಳೆ ಮಾಡುತ್ತೇನೆ.

ಮೇ ೨೦

ಮಾಡಲಿಲ್ಲ. ಗುಡ್ಡ ಹತ್ತಲು ಮೊಣಕಾಲು ನೋವು.

ಮೇ ೨೧

ಇವತ್ತೂ ಇಲ್ಲ. ಮೊಣಕಾಲು ಸರಿಯಾಗಿದೆ.

ಮೇ ೨೨

ಉದ್ಯಾನದವರು ಬಂದೂಕು ತಂದು ಶಗ್ದರನ ಗುಡಾರದಲ್ಲಿಟ್ಟಿದ್ದಾರೆ. ಹೊಡೆಯಬೇಕಾದವನು ಅವನೇ. ಚಹಾ ಕುಡಿಯುವಾಗ ಅದು ಪೆಟ್ಟಿಗೆಗೆ ಒರಗಿ ನಿಂತಿತ್ತು. ಇಬ್ಬರೂ ಅದನ್ನು ಬಿಟ್ಟು ಬೇರೆಲ್ಲ ನೋಡುತ್ತಿದ್ದೆವು.

"ದೋಲ್ಗೋರ್‌ಗೆ ಹೇಳಿದ್ಯಾ?"

"ನಾಳೆ ಹೇಳ್ತೀನಿ."

ಲೋಟವನ್ನು ಕುಕ್ಕಿದ. ಚಹಾ ಚೆಲ್ಲಿತು.

"ಮೂರು ದಿನದಿಂದ ಇದೇ ರಾಗ ನಿಂದು! ಇಪ್ಪತ್ತೈದಕ್ಕೆ ಆ ಬಂದೂಕು ನಾನು ಎತ್ಬೇಕಲ್ಲೋ. ನಾನು! ಆ ಮಗೂನ ನನ್ ಜೀಪಲ್ಲಿ... ನಾಳೆ ನಾಳೆ ಅಂತ್ಲೇ ಅಲ್ವೇನೋ ನೀನು ಅವತ್ತೂ..."

ಅಲ್ಲಿಗೆ ನಿಲ್ಲಿಸಿದ. ನಾನು ಚೆಲ್ಲಿದ ಚಹಾವನ್ನು ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಅವನು ನೆಲ ನೋಡುತ್ತ, "ನನ್ ಹೆಂಡ್ತಿ ಮೊನ್ನೆ ನಿಮ್ಮಲ್ಲಿಗೆ ಹೋಗಿದ್ಲು. ದೋಲ್ಗೋರ್ ಕೆನ್ನೆ ಊದಿಕೊಂಡಿದೆಯಂತೆ, ಹಲ್ಲು. ಗಂಜೀನೂ ನುಂಗೋಕಾಗ್ತಿಲ್ವಂತೆ," ಎಂದ.

ಕೆನ್ನೆಗೆ ಬಟ್ಟೆ ಸುತ್ತಿದ್ದು ಗಾಳಿಗೆ ಅಂದುಕೊಂಡಿದ್ದೆ.

ಮೇ ೨೩

ಬೆಳಕು ಹರಿಯುತ್ತಲೇ ಹೊರಟು ಮನೆಗೆ ಹೋದೆ. ಫೋನಿನಲ್ಲಿ ಹೇಳುವ ಮಾತಲ್ಲ.

ದೋಲ್ಗೋರ್ ಬಿಳಿಕೋಡಿನ ಹಸುವಿನ ಹಾಲು ಕರೆಯುತ್ತಿದ್ದಳು. ಅದು ಎಂದಿನಂತೆ ಬಕೆಟ್ಟಿಗೆ ಒದೆಯಿತು. ಮಗಳನ್ನೂ ದಿನಾ ಒದೆಯುತ್ತಿತ್ತು. ಇದನ್ನ ಮಾರಿಬಿಡಪ್ಪಾ, ಇಲ್ಲಾಂದ್ರೆ ಕೊಯ್ದು ಹಾಕು ಎಂದು ದಿನಾ ದೂರುತ್ತಿದ್ದಳು. ದೋಲ್ಗೋರಳ ಮುಖದ ಎಡಭಾಗ ಬನ್ನಿನ ಹಾಗೆ ಊದಿತ್ತು. ನಾನು ನಿಂತೇ ಎಲ್ಲ ಹೇಳಿದೆ. ನೋಟಿಸು, ಬಂದೂಕು, ಲಾಮಾ ಅಜ್ಜ. ಅವಳು ಕರೆಯುವುದನ್ನು ನಿಲ್ಲಿಸದೆ ಕೇಳಿದಳು.

"ನೀನು ಬಂದು ಬಿಚ್ಚಬೇಕು," ಎಂದೆ. "ಆಗಲ್ಲ ಅಂದ್ರೂ ಸರಿ. ಬಲವಂತ ಇಲ್ಲ."

ಎದ್ದು ಗುಡಾರದೊಳಗೆ ಹೋದಳು. ಸೂರಿನ ಗಳುವಿನ ಸಂದಿಯಿಂದ ನೀಲಿ ಬಟ್ಟೆಯ ಗಂಟೊಂದನ್ನು ಎಳೆದು ನನ್ನ ಕೈಗಿಟ್ಟಳು. ಬಿಚ್ಚಿದೆ. ನನ್ನ ಕತ್ತಿ. ಕಳೆದ ವರ್ಷ ನದಿಗೆ ಎಸೆ ಎಂದು ನಾನೇ ಕೊಟ್ಟಿದ್ದೆ. ಎಸೆದಳೆಂದೇ ತಿಳಿದಿದ್ದೆ. ಅಲಗಿನ ಮೇಲೆ ಒಂದು ಚುಕ್ಕೆ ತುಕ್ಕಿಲ್ಲ.

"ತಿಂಗಳಿಗೊಂದ್ಸಲ ಎಣ್ಣೆ ಹಚ್ಚಿದ್ದೀನಿ," ಎಂದಳು, ಒಂದೇ ಕಡೆಯ ಬಾಯಲ್ಲಿ.

ವರ್ಷದಲ್ಲಿ ಅವಳು ನನಗೆ ಹೇಳಿದ ಅತಿ ಉದ್ದದ ಮಾತು ಅದು. ನಾನು ಹೊರಗೆ ಹೋಗಿ ಹಸುವಿನ ಹಿಂದೆ ನಿಂತು ಅತ್ತೆ. ಅದು ನನಗೂ ಒದೆಯಿತು.

ಹಟ್ಟಿ ನೋಡಿಕೊಳ್ಳಲು ಪಕ್ಕದವರಿಗೆ ಹೇಳಿ ಹೊರಟೆವು. ಹಲ್ಲಿಗೆ ಏನಾದರೂ ಮಾಡಬೇಕಲ್ಲ ಎಂದೆ. ಮೊದಲು ಕುದುರೆ ಎಂದಳು.

ಮೇ ೨೪

ಬೆಳಿಗ್ಗೆ ಗಾಳಿ ಇರಲಿಲ್ಲ, ಮೋಡವಿರಲಿಲ್ಲ. ಕೊಯ್ಯಲು ಒಳ್ಳೆಯ ದಿನ.

ಒರತೆಯ ಪಕ್ಕ ಹಳೆಯ ಬೇಲಿಯೊಂದಿದೆ, ಮೊದಲು ತಂದ ತಾಖಿಗಳನ್ನು ಕೂಡಿದ್ದ ಜಾಗ. ಶಗ್ದರ್ ಕುಣಿಕೆಯ ಕೋಲು ಹಿಡಿದು ಅದರೊಳಗೆ ಅವಿತು ನಿಂತ. ಅರಿಯೂನಾ ದಿಬ್ಬದ ಮೇಲಿದ್ದಳು. ನಾನು ಬಾಟಲಿಗೆ ಹಾಲು ತುಂಬಿ ಹೊರಡುವಾಗ ದೋಲ್ಗೋರ್ ನನ್ನ ತೋಳು ಹಿಡಿದಳು.

"ಇಷ್ಟು ದಿನಾನೂ ಇದನ್ನ ಹಾಕ್ಕೊಂಡೇ ಕರೆದ್ಯಾ?"

"ಯಾವುದನ್ನ?"

"ಈ ನಿಲುವಂಗಿನ. ನಿಂಗೇನು ಬುದ್ಧಿ ನೆಟ್ಟಗಿದ್ಯಾ? ಹದಿನೆಂಟು ಮರಿ ಕೊಯ್ದ ನಿಲುವಂಗಿ! ಅವತ್ತು ಕಂದೂನೂ ಅಲ್ಲೇ ಇತ್ತಲ್ಲ, ಎಲ್ಲಾ ಮರಿಗಳ ಕೂಗು ಕೇಳಿಸ್ಕೊಂಡು. ಈ ವಾಸನೆಗೆ ಯಾವ ಕುದುರೆ ಹತ್ರ ಬರುತ್ತೆ?"

ಜೀವಮಾನವೆಲ್ಲ ಮರಿಗಳನ್ನು ಕೊಯ್ದವನು ನಾನು. ಆ ಕೆಲಸದ ಬಟ್ಟೆಯಲ್ಲಿ ಗಂಡುಕುದುರೆಯ ಎದುರು ಹೋಗಬಾರದೆಂದು ನನಗೆ ಹೊಳೆಯಲೇ ಇಲ್ಲ. ಶಗ್ದರ್ ತಮಾಷೆಗೆ ಹೇಳಿದ್ದನ್ನೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈ ನಿಲುವಂಗಿಯಲ್ಲಿ ನನ್ನ ಮೂಗಿಗೆ ಬೇರೆ ವಾಸನೆಯೇ ಇತ್ತು.

"ಅವಳ ತಲೆ ಇಲ್ಲಿತ್ತು," ಎಂದೆ.

"ಗೊತ್ತು," ಎಂದಳು. ಒಂದೊಂದೇ ಗುಂಡಿ ಬಿಚ್ಚಿದಳು, ಚಿಕ್ಕ ಮಕ್ಕಳಿಗೆ ಬಿಚ್ಚುವ ಹಾಗೆ. ನಾನು ಅಂಗಿಯಲ್ಲಿ ಚಳಿಗೆ ನಡುಗುತ್ತ ಬೇಲಿಯ ಹಿಂದೆ ಕೂತೆ. ಬಾಟಲಿ ತೆಗೆದುಕೊಂಡು ಅವಳೇ ಹೋದಳು.

ಕಂದು ಬರಲು ತುಂಬ ಹೊತ್ತು ಹಿಡಿಯಿತು. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಹೆಣ್ಣುಗಳು ದೂರದಲ್ಲೇ ನಿಂತವು. ಕೊನೆಗೆ ಕುತ್ತಿಗೆ ಚಾಚಿ ಬಾಟಲಿ ಮೂಸಿತು. ನಾಲ್ಕು ತುಂಬಿದ, ಮೈತುಂಬ ಗಾಯ ಮಾಡಿಕೊಂಡ ಆ ಗಂಡು ರಬ್ಬರಿನ ಮೊಲೆಗೆ ಬಾಯಿ ಹಾಕಿ ಚೀಪತೊಡಗಿತು. ದೋಲ್ಗೋರ್ ಇನ್ನೊಂದು ಕೈಯಲ್ಲಿ ಅದರ ಕೊರಳ ಕೂದಲು ಸವರುತ್ತ ಹಿಂದೆ ಹಿಂದೆ ಹೆಜ್ಜೆಯಿಟ್ಟು ಬೇಲಿಯೊಳಗೆ ಕರೆತಂದಳು. ಗಂಟಿಗೆ ಕೈ ಹಾಕಿದಳು.

"ಮಿಚಿದ್," ಎಂದಳು, ಗಟ್ಟಿಯಾಗಿ. "ಮಿಚಿದ್, ನಾನು ಬಿಚ್ತಾ ಇದ್ದೀನಿ ಕಣೆ. ಅಪ್ಪ ಕೊಯ್ತಾನೆ. ಇಲ್ದಿದ್ರೆ ಇದನ್ನ ಸಾಯಿಸ್ತಾರೆ. ಕೋಪ ಮಾಡ್ಕೋಬೇಡ."

ವರ್ಷದ ಮೇಲೆ ಆ ಹೆಸರು ಕೇಳಿದೆ. ಆಕಾಶ ಏನೂ ಕಳಚಿ ಬೀಳಲಿಲ್ಲ. ಪಟ್ಟಿ ಕೈಗೆ ಬಂತು.

ಆಮೇಲಿನದು ನನ್ನ ಕೆಲಸ. ಶಗ್ದರನ ಕುಣಿಕೆ ಬಿತ್ತು, ಮೂವರೂ ಸೇರಿ ಕೆಡವಿದೆವು. ದೋಲ್ಗೋರ್ ತಲೆಯ ಮೇಲೆ ಮೊಣಕಾಲೂರಿ ಕಣ್ಣು ಮುಚ್ಚಿ ಹಿಡಿದಳು. ಬಾಟಲಿಯಲ್ಲಿ ಉಳಿದ ಹಾಲಿನಲ್ಲೇ ಕೈ ತೊಳೆದೆ. ಕತ್ತಿ ತಿರುಗಿಸಲು ಹೋಗಿ ನನ್ನ ಬೆರಳನ್ನೇ ಕೊಯ್ದುಕೊಂಡೆ.

"ನಿನ್ ಕೈ ಹಗುರ," ಎಂದಳು ಅವಳು, ನನ್ನ ಕಡೆ ನೋಡದೆ. "ಮಾಡು."

ಮಾಡಿದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಬಹಳ ಆಗಿರಲಿಕ್ಕಿಲ್ಲ, ಏಕೆಂದರೆ ಹಗ್ಗ ಬಿಚ್ಚಿದಾಗ ಹೆಣ್ಣುಗಳು ಇನ್ನೂ ಅಲ್ಲೇ ನಿಂತಿದ್ದವು. ಕಂದು ಎದ್ದು ಮೈ ಕೊಡವಿ, ಕಾಲು ಅಗಲಿಸಿಕೊಂಡು ನಿಂತಿತು. ಸ್ವಲ್ಪ ಹೊತ್ತು ನೋಡಿ ಹೆಣ್ಣುಗಳು ಗುಡ್ಡದ ಕಡೆ ಹೊರಟವು. ಅದು ಒಮ್ಮೆ ಕೆನೆಯಿತು. ಆ ಕೂಗನ್ನು ನಾನು ಮರೆಯುವುದಿಲ್ಲ, ಮರೆಯಬಾರದು ಕೂಡ.

ನಾಲ್ಕು ದಿನ ಶಗ್ದರ್ ಬೇಲಿಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುತ್ತಾನೆ. ಬಂದೂಕನ್ನು ಆಗಲೇ ಜೀಪಿಗೆ ಹಾಕಿದ್ದ.

"ಪಟ್ಟಿ ಯಾವುದಕ್ಕೆ ಕಟ್ಟೋಣ?" ಎಂದು ದೋಲ್ಗೋರಳನ್ನು ಕೇಳಿದೆ.

"ಬಿಳಿಕೋಡಿನ ಹಸೂಗೆ."

"ಆ ಒದೆಯೋದಕ್ಕಾ?"

"ಹೂಂ. ಇನ್ನು ಅದನ್ನ ಯಾರೂ ಮಾರೋ ಹಾಗಿಲ್ಲ, ಕೊಯ್ಯೋ ಹಾಗಿಲ್ಲ. ಅವಳಿಗೆ ಹೊಟ್ಟೆ ಉರೀಲಿ."

ನಕ್ಕಳು. ನಕ್ಕಿದ್ದಕ್ಕೆ ಹಲ್ಲು ನೊಂದು ಕೆನ್ನೆ ಹಿಡಿದುಕೊಂಡು ಕುಸಿದು ಕೂತಳು. ಮುಟ್ಟಿ ನೋಡಿದೆ, ಕೆನ್ನೆ ಕೆಂಡವಾಗಿತ್ತು. ಮೋಟರ್‌ಸೈಕಲ್ ಹಿಂದೆ ಕೂರಿಸಿಕೊಂಡು ಹೊರಟೆ. ಗೇಟಿನಾಚೆ ದಾರಿ ಎರಡಾಗುತ್ತದೆ, ಎಡಕ್ಕೆ ನಮ್ಮ ಹಟ್ಟಿ, ಬಲಕ್ಕೆ ಡಾಂಬರು ರಸ್ತೆ. ಬಲಕ್ಕೆ ತಿರುಗಿಸಿದೆ.

"ಎಲ್ಲಿಗೆ?"

"ಆಸ್ಪತ್ರೆಗೆ."

"ಹಸು ಕರೆಯೋರ್ಯಾರು? ನಾಳೆ ಹೋದ್ರಾಯ್ತು."

ಗಾಳಿಯಲ್ಲಿ ಕೇಳಿಸದವನ ಹಾಗೆ ಓಡಿಸಿದೆ. ಬೆನ್ನಿಗೆ ಎರಡು ಸಲ ಗುದ್ದಿದಳು. ಆಮೇಲೆ ಊದಿದ ಕೆನ್ನೆಯನ್ನು ನನ್ನ ಬೆನ್ನಿಗೆ ಆನಿಸಿ ಸುಮ್ಮನಾದಳು. ಅಂಗಿಯ ಮೂಲಕ ಬಿಸಿ ತಾಗುತ್ತಿತ್ತು.

ಇದನ್ನು ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅದೇ ಬೆಂಚು. ಬಿಸಿಲು ಇನ್ನೂ ಇದೆ. ಚಳಿಯಾಗುತ್ತಿದೆಯಲ್ಲ ಎಂದು ನೋಡಿಕೊಂಡರೆ ನಿಲುವಂಗಿ ಇಲ್ಲ, ಬೇಲಿಯ ಹತ್ತಿರವೇ ಮರೆತು ಬಂದಿದ್ದೇನೆ. ಇರಲಿ, ಶಗ್ದರ್ ತರುತ್ತಾನೆ.

ಕೀವು ಗಂಟಲಿಗೆ ಇಳಿಯುತ್ತಿತ್ತಂತೆ. ಹಲ್ಲು ಕಿತ್ತಿದ್ದಾರೆ, ಸೂಜಿ ಹಾಕಿದ್ದಾರೆ. ಡಾಕ್ಟರಮ್ಮ ಹೊರಗೆ ಬಂದು ಎಲ್ಲರೆದುರು ನನ್ನನ್ನು ಬಾಯಿಗೆ ಬಂದಂತೆ ಬೈದರು. ಇಷ್ಟು ದಿನ ಏನು ಮಾಡ್ತಿದ್ರಿ, ನೀವೇನು ಮನುಷ್ಯರಾ, ಎರಡು ದಿನ ತಡವಾಗಿದ್ರೆ ಗತಿ ಏನು ಎಂದರು. ನಾನು ಎದ್ದು ನಿಂತು, ಕತ್ತು ಬಗ್ಗಿಸಿ, ಕೊನೆಯ ಮಾತಿನವರೆಗೂ ಬೈಸಿಕೊಂಡೆ. ಅವರು ನಿಲ್ಲಿಸಿದಾಗ ಇನ್ನಷ್ಟು ಬೈಯಲಿ ಅನ್ನಿಸಿತು.

ಕಳೆದ ವರ್ಷದ ಡಾಕ್ಟರು ಬೈದಿರಲಿಲ್ಲ. ಇದೇ ಬೆಂಚು ತೋರಿಸಿ, ಕೂತುಕೊಳ್ಳಿ ಎಂದಿದ್ದರು, ಅಷ್ಟೆ.